ಕುಶಲವಾದ ಕೈಗೆ ಲೇಖನಿಯೂ ಬೇಕು
(ಮಂಡ್ಯದಲ್ಲಿ ತಾಂತ್ರಿಕ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣದ ಸಾರ)



ಮಂಡ್ಯ, ಮದ್ದೂರು, ಮಳವಳ್ಳಿಗಳಿಂದ ಬಂದಿರುವ ನೀವು ತಂತ್ರಜ್ಞಾನದ ಹಿರಿಮೆಯನ್ನು ಕಂಡ ನೆಲದ ಮಕ್ಕಳು. ಮಳವಳ್ಳಿ ತಾಲೂಕಿನ ಶಿವನಸಮುದ್ರದಿಂದ 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಯಿತು. ಅದಕ್ಕೂ ಮೊದಲು, 18ನೇ ಶತಮಾನದ ಕೊನೆಯ ದಶಕದಲ್ಲಿ, ಟಿಪ್ಪು ಸುಲ್ತಾನರು ಕನ್ನಂಬಾಡಿಯ ಬಳಿ ಕಾವೇರಿಗೆ ಅಣೆಕಟ್ಟು ಕಟ್ಟಲು ಸಂಕಲ್ಪಿಸಿದ್ದರು. ಆ ಕಟ್ಟೆ ಪೂರ್ಣಗೊಳ್ಳಲಿಲ್ಲ. ಆದರೆ ಅದರ ಉದ್ದೇಶವನ್ನೂ ರೈತರಿಗೆ ನೀಡುವ ಕಂದಾಯ ರಿಯಾಯಿತಿಯನ್ನೂ ಕೊರೆಸಿದ ಫಾರ್ಸಿ ಶಿಲಾಶಾಸನ ಇಂದಿಗೂ ಉಳಿದಿದೆ. ಕಟ್ಟಡವಿಲ್ಲದಿದ್ದರೂ ಬರಹ ಸಾಕ್ಷಿ ನುಡಿಯುತ್ತದೆ.

ಅಲ್‌ಜಝರಿ ಎಂಬ ಯಂತ್ರಶಿಲ್ಪಿ 1206ರಲ್ಲಿ ತನ್ನ ಯಂತ್ರಗಳ ರಚನೆಯನ್ನು ಅಳತೆ ಮತ್ತು ಚಿತ್ರಗಳ ಸಹಿತ ಬರೆದಿಟ್ಟನು. ಆ ವಿವರಣೆಯನ್ನು ಅನುಸರಿಸಿ 1976ರಲ್ಲಿ ಲಂಡನ್ನಿನಲ್ಲಿ ಆತನ ಜಲಗಡಿಯಾರವನ್ನು ಮರುನಿರ್ಮಿಸಲಾಯಿತು. ಉತ್ತಮ ತಾಂತ್ರಿಕ ಬರಹವೆಂದರೆ ಇದೇ: ಬರೆದವನಿಲ್ಲದಾಗಲೂ ಓದಿದವನು ಕೆಲಸ ಮಾಡುವಂತಿರಬೇಕು.

ನಮ್ಮ ಸ್ಥಿತಿಯೇನು? ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಕಾಲೇಜಿನಲ್ಲಿ ಇಂಗ್ಲಿಷ್. ಮೂರನ್ನೂ ಬಲ್ಲೆವು, ಆದರೆ ಒಂದರಲ್ಲಿಯೂ ಒಂದು ಪುಟ ತಪ್ಪಿಲ್ಲದೆ ಬರೆಯಲಾರೆವು. ಕೆಟ್ಟ ಮೋಟಾರನ್ನು ನಮ್ಮ ಯುವಕ ಸರಿಪಡಿಸುತ್ತಾನೆ, ವರದಿಯನ್ನು ಇನ್ನೊಬ್ಬ ಬರೆಯುತ್ತಾನೆ. ಬಡ್ತಿ ವರದಿ ಬರೆದವನಿಗೆ, ಅವಘಡವಾದರೆ ಹೊಣೆ ಬರೆಯಲಾರದವನಿಗೆ! ಇದಕ್ಕೆಲ್ಲ ತಾರತಮ್ಯವೇ ಕಾರಣವೆನ್ನಲಾಗದು. ತಾರತಮ್ಯ ನಡೆದಾಗ ಅದನ್ನು ಪ್ರಶ್ನಿಸಲೂ ದಿನಾಂಕ ಸಹಿತವಾದ ಸ್ಪಷ್ಟ ಮನವಿಯೇ ಬೇಕಲ್ಲವೇ?

ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಸೂಕ್ತ, ಅಲ್‌ಬಕರ ಅಧ್ಯಾಯದ 282ನೆಯದು, ಸಾಲದ ವ್ಯವಹಾರವನ್ನು ನ್ಯಾಯಯುತವಾಗಿ ಬರೆದಿಡುವ ಕುರಿತಾಗಿದೆ. ಬರಹವು ಸಾಕ್ಷ್ಯವೆಂಬುದು ಅದರ ಪಾಠ. ಹಾಗಿರುವಾಗ ಹಣ ಕೊಟ್ಟು ಬರೆಸಿದ ಪ್ರಾಜೆಕ್ಟ್ ವರದಿಗೆ ಸಹಿ ಹಾಕುವುದು ಸುಳ್ಳು ಸಾಕ್ಷ್ಯವಲ್ಲದೆ ಮತ್ತೇನು?

ಪ್ರತಿದಿನ ಮಾಡಿದ ಕೆಲಸದ ಬಗ್ಗೆ ಹತ್ತು ಸಾಲು ಬರೆಯಿರಿ. ಕಂಡದ್ದು, ಅಳೆದದ್ದು, ಊಹಿಸಿದ್ದು ಇವನ್ನು ಬೇರೆಬೇರೆಯಾಗಿ ದಾಖಲಿಸಿರಿ. ಒಂದು ವಾಕ್ಯದಲ್ಲಿ ಒಂದೇ ವಿಷಯವಿರಲಿ. ಅಂಕಿಯ ಜೊತೆ ಅಳತೆಯ ಮಾನವಿರಲಿ. ಮೊದಲು ಕನ್ನಡದಲ್ಲಿ ಆಲೋಚನೆಯನ್ನು ತಿಳಿಗೊಳಿಸಿ, ಬಳಿಕ ಅದನ್ನೇ ಇಂಗ್ಲಿಷಿನಲ್ಲಿ ಬರೆಯಿರಿ. ಗೆಳೆಯನಿಗೆ ಓದಲು ಕೊಡಿರಿ. ಅವನಿಗೆ ಅರ್ಥವಾಗದಿದ್ದರೆ ದೋಷ ನಿಮ್ಮ ಬರಹದ್ದು.

ಲೇಖನಿಯ ಮೂಲಕ ಮನುಷ್ಯನಿಗೆ ಕಲಿಸಿದ ಅಲ್ಲಾಹನು ನಮ್ಮ ಬರಹವನ್ನು ಸತ್ಯದ ಸಾಕ್ಷ್ಯವನ್ನಾಗಿ ಮಾಡಲಿ.