ಮಕ್ಕಳ ಕೈಗೆ ಕೊಡೋಣ
(ಕಲಿಕಾ ಕೇಂದ್ರದಲ್ಲಿ ಶಿಕ್ಷಕರೊಬ್ಬರು ಆಡಿದ ಮಾತು)



ರೊಟ್ಟಿ ತಟ್ಟೋದನ್ನ ನೀವು ಪುಸ್ತಕ ಓದಿ ಕಲಿತಿರಾ? ಇಲ್ಲ. ಹಿಟ್ಟು ಕೈಗೆ ಬಂದಾಗ ಕಲಿತಿರಿ. ಉಳುಮೆಯೂ ಹಾಗೇ. ಆದರೆ ವಿಜ್ಞಾನವನ್ನು ಎಷ್ಟೋ ಶಾಲೆಗಳಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಪ್ರಯೋಗದ ಸಾಮಾನು ಬೀರುವಿನಲ್ಲೇ ಇರುತ್ತೆ. ಮಕ್ಕಳು ಮುಟ್ಟಿದರೆ ಒಡೆದೀತು ಅನ್ನೋ ಭಯ.

ಈ ಭಯ ಬಿಟ್ಟ ಶಾಲೆಗಳ ಕಥೆ ಹೇಳುತ್ತೇನೆ. ಮಧ್ಯಪ್ರದೇಶದಲ್ಲಿ ಆಗ ಹೋಶಂಗಾಬಾದ್ ಎಂಬ ಹೆಸರಿನ ಜಿಲ್ಲೆ ಇತ್ತು. 1972ರಲ್ಲಿ ಅಲ್ಲಿನ 16 ಮಾಧ್ಯಮಿಕ ಶಾಲೆಗಳಲ್ಲಿ ಹೊಸ ಕೆಲಸ ಶುರುವಾಯಿತು. ಆರು, ಏಳು, ಎಂಟನೇ ತರಗತಿ ಮಕ್ಕಳು ಗುಂಪಾಗಿ ಕೂತು ತಾವೇ ಪ್ರಯೋಗ ಮಾಡಿದರು. ಹೂವು ಬಿಡಿಸಿ ನೋಡಲು ಪೇಟೆ ಸೂಜಿ ಬೇಕಾಗಲಿಲ್ಲ. ಜಾಲಿ ಮುಳ್ಳೇ ಸಾಕಾಯಿತು. ಮುಂಬಯಿ, ದೆಹಲಿಯ ವಿಜ್ಞಾನಿಗಳು ಬಂದು ಶಿಕ್ಷಕರ ಜೊತೆ ಕೂತು ಕೆಲಸ ಮಾಡಿದರು.

1978ರಲ್ಲಿ ಅಲ್ಲಿಗೆ ಒಬ್ಬ ಇಂಜಿನಿಯರ್ ಬಂದರು. ಹೆಸರು ಅರವಿಂದ ಗುಪ್ತ. ಪುಣೆಯಲ್ಲಿ ಲಾರಿ ತಯಾರಿಸುವ ಟೆಲ್ಕೋ ಕಾರ್ಖಾನೆಯಲ್ಲಿ ಅವರಿಗೆ ಕೆಲಸ. ಒಂದು ವರ್ಷ ರಜೆ ಹಾಕಿ ಬಂದಿದ್ದರು. ಅವರು ಹಿಡಿದದ್ದು ದೊಡ್ಡ ಯಂತ್ರವಲ್ಲ. ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವಿಗೆ ಹಾಕುವ ಸಣ್ಣ ರಬ್ಬರ್ ಟ್ಯೂಬು!

ನೀವೂ ಮಾಡಿ ನೋಡಿ. ಕಡ್ಡಿಗೆ ನೀರು ತಾಗಿಸಿ, ತುದಿಯ ಮದ್ದನ್ನು ಕೆರೆದು ತೆಗೆಯಿರಿ. ಟ್ಯೂಬನ್ನು ಬೆರಳ ಗೆಣ್ಣಿಗಿಂತ ಚಿಕ್ಕದಾಗಿ ಕತ್ತರಿಸಿ. ಒಂದು ತುಂಡಿನ ಎರಡು ಬದಿಗೆ ಎರಡು ಕಡ್ಡಿ ಸಿಕ್ಕಿಸಿ. ಹೀಗೆ ನಾಲ್ಕು ಕಡ್ಡಿ ಸೇರಿಸಿದರೆ ಚೌಕ. ಮೂರು ಸೇರಿಸಿದರೆ ತ್ರಿಕೋನ. ಚೌಕವನ್ನು ಮೂಲೆಯಲ್ಲಿ ಒತ್ತಿ. ಅದು ವಾಲುತ್ತೆ. ತ್ರಿಕೋನವನ್ನು ಒತ್ತಿ. ಅದು ಅಲುಗೋದಿಲ್ಲ.

ಬಡಗಿ ಬಾಗಿಲ ಹಿಂದೆ ಓರೆಯಾಗಿ ಪಟ್ಟಿ ಯಾಕೆ ಹೊಡೀತಾನೆ? ಹೊಲದಲ್ಲಿರುವ ದೊಡ್ಡ ಕರೆಂಟ್ ಗೋಪುರದಲ್ಲಿ ಅಷ್ಟೊಂದು ಓರೆ ಕಬ್ಬಿಣ ಯಾಕೆ? ಉತ್ತರ ಈಗ ನಿಮ್ಮ ಕೈಯಲ್ಲೇ ಇದೆ.

ಆ ಕಾರ್ಯಕ್ರಮವನ್ನು 2002ರಲ್ಲಿ ಅಲ್ಲಿನ ಸರ್ಕಾರ ನಿಲ್ಲಿಸಿತು. ಆದರೆ ಕಡ್ಡಿ, ಟ್ಯೂಬಿನ ಪ್ರಯೋಗ ನಿಲ್ಲಲಿಲ್ಲ. ಅದು ಪುಸ್ತಕವಾಗಿ ಊರೂರು ಸೇರಿತು. ಗುಪ್ತ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು.

ನಮ್ಮ ತಾಲ್ಲೂಕಿನಲ್ಲೂ ಇಂಜಿನಿಯರುಗಳಿದ್ದಾರೆ. ಕರೆಂಟಿನವರು, ರಸ್ತೆಯವರು, ನೀರಾವರಿಯವರು. ತಿಂಗಳಿಗೆ ಒಂದು ದಿನ ಶಾಲೆಗೆ ಬನ್ನಿ ಅಂತ ಕರೆಯೋಣ. ಕರೆಯೋರು ಯಾರು? ನೀವೇ. ಶಾಲೆಯ ಎಸ್.ಡಿ.ಎಂ.ಸಿ. ಸಭೆ ತಂದೆತಾಯಿಯರದ್ದು. ಅಲ್ಲಿ ಹಿಂದೆ ಕೂತು ರುಜು ಹಾಕಿ ಬರಬೇಡಿ. ಎದ್ದು ಕೇಳಿ.

ಮೂರು ಮಾತು ಮಾತ್ರ ಬಿಡಬೇಡಿ.

ಒಂದು, ಬಂದವರು ಮಾಡಿ ತೋರಿಸಿ ಹೋಗಬಾರದು. ಪ್ರತಿ ಮಗುವಿನ ಕೈಗೂ ಸಾಮಾನು ಸಿಗಬೇಕು. ಹುಡುಗರು ಮಾಡಿ, ಹುಡುಗಿಯರು ನೋಡೋದು ಆಗಬಾರದು.

ಎರಡು, ಶಿಕ್ಷಕರು ಜೊತೆಗಿರಬೇಕು. ಇಂಜಿನಿಯರ್ ಹೋದ ಮೇಲೆ ನಡೆಸೋರು ಅವರೇ.

ಮೂರು, ಕರೆಂಟಿನ ಪ್ರಯೋಗಕ್ಕೆ ಟಾರ್ಚ್ ಸೆಲ್ಲೇ ಸಾಕು. ಗೋಡೆಯ ಪ್ಲಗ್ಗಿಗೆ ಮಕ್ಕಳು ಕೈ ಹಾಕಬಾರದು.

ಇವತ್ತು ಸಂಜೆ ಮಗು ಮನೆಗೆ ಬಂದಾಗ, "ಏನು ಓದಿದೆ?" ಅಂತ ಕೇಳಿ. ಜೊತೆಗೆ, "ಏನು ಮಾಡಿದೆ, ಮಗಾ? ನನಗೂ ಮಾಡಿ ತೋರಿಸು" ಅಂತಾನೂ ಕೇಳಿ.