ಹುಳಿಯತ್ತ ಸರಿಯುತ್ತಿರುವ ಕಡಲು ಮತ್ತು ಅದರ ಸೂಕ್ಷ್ಮ ಸಸ್ಯಗಳು

(ಮೇಲುಕೋಟೆಯಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಆಯ್ಕೆ ಸಮಿತಿಯ ಪರವಾಗಿ ಮಾಡಿದ ಭಾಷಣ)

 

ಈ ಸಾಲಿನ ಅರ್ಜಿಗಳಲ್ಲಿ ಒಂದರ ಮೇಲೆ ನಮ್ಮ ಸಮಿತಿಯಲ್ಲಿ ಬಹಳ ಹೊತ್ತು ಚರ್ಚೆ ನಡೆಯಿತು. ನಮ್ಮ ಭಾಗದ ಒಬ್ಬ ಹೆಣ್ಣುಮಗಳು ಮಂಗಳೂರಿಗೆ ಹೋಗಿ ಕಡಲಿನ ಜೀವಿಗಳ ಬಗ್ಗೆ ಓದುತ್ತೇನೆ ಎಂದು ಬರೆದಿದ್ದಾಳೆ. ವಿಷಯದ ಕಾಲಂನಲ್ಲಿ ‘ಸಸ್ಯಪ್ಲವಕಗಳು’ ಎಂದಿತ್ತು. ಹಿರಿಯ ದಾನಿಯೊಬ್ಬರು ಕೇಳಿದರು: “ಡಾಕ್ಟರ್ ಆಗ್ತೀನಿ ಅಂದ್ರೆ ಅರ್ಥ ಆಗುತ್ತೆ, ಇಂಜಿನಿಯರ್ ಅಂದ್ರೂ ಅರ್ಥ ಆಗುತ್ತೆ. ಕಡಲು ಎಲ್ಲಿ, ಮೇಲುಕೋಟೆ ಎಲ್ಲಿ? ಪಾಚಿ ನೋಡೋದಕ್ಕೆ ನಾವು ದುಡ್ಡು ಕೊಡ್ಬೇಕಾ?” ಆ ಮಗುವಿನ ಮನೆಯವರೂ ಇದೇ ಕೇಳುತ್ತಿದ್ದಾರೆ, ಕಳಿಸಬೇಕೋ ಬೇಡವೋ ಎಂದು ಇನ್ನೂ ತೀರ್ಮಾನ ಮಾಡಿಲ್ಲ. ಪ್ರಶ್ನೆ ನ್ಯಾಯವಾದದ್ದು. ಹಣ ನಿಮ್ಮದು, ಮಕ್ಕಳೂ ನಿಮ್ಮವರು. ಆದ್ದರಿಂದ ಈ ಸಲ ವರದಿ ಓದುವ ಬದಲು ಆ ಪ್ರಶ್ನೆಗೇ ಉತ್ತರ ಹೇಳಲು ನಿಂತಿದ್ದೇವೆ.

ಸಸ್ಯಪ್ಲವಕ ಎಂದರೆ ನೀರಿನಲ್ಲಿ ತೇಲುವ, ಕಣ್ಣಿಗೆ ಬಿಡಿಯಾಗಿ ಕಾಣದ ಸಣ್ಣ ಸಸ್ಯ. ಇಲ್ಲಿನ ಕಲ್ಯಾಣಿಯ ನೀರು ಬೇಸಿಗೆಯಲ್ಲಿ ಹಸಿರಾಗುತ್ತದಲ್ಲ, ಅದು ಇವುಗಳ ಬಳಗದ್ದೇ ಕೆಲಸ. ತೊಣ್ಣೂರು ಕೆರೆಯ, ನಮ್ಮ ಹಿರಿಯರು ಮೋತಿ ತಲಾಬ್ ಎನ್ನುವ ಆ ತಿಳಿನೀರಿನಲ್ಲೂ ಇವು ಇರುತ್ತವೆ, ಕಡಿಮೆ ಸಂಖ್ಯೆಯಲ್ಲಿ ಅಷ್ಟೇ. ಕಡಲಿನಲ್ಲಿ ಇವುಗಳ ಲೆಕ್ಕ ಬೇರೆಯೇ. ಭೂಮಿಯ ಮೇಲೆ ನಡೆಯುವ ದ್ಯುತಿಸಂಶ್ಲೇಷಣೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ಕಡಲಿನ ಈ ಸೂಕ್ಷ್ಮ ಸಸ್ಯಗಳೇ ಮಾಡುತ್ತವೆ. ಕಾಡು, ಗದ್ದೆ, ತೋಟ, ಹುಲ್ಲುಗಾವಲು ಎಲ್ಲ ಸೇರಿ ಉಳಿದರ್ಧ. ಸಂತೆಯಲ್ಲಿ ನೀವು ಕೊಳ್ಳುವ ಬೂತಾಯಿ ಮೀನು ತಿನ್ನುವುದೂ ಇವನ್ನೇ. ಫ್ರಾಜಿಲೇರಿಯಾ ಓಶಿಯಾನಿಕಾ ಎಂಬ ಡಯಾಟಮ್ ಹೆಚ್ಚಾದ ಕಡೆ ಬೂತಾಯಿಯೂ ಹೆಚ್ಚು ಸಿಗುತ್ತದೆ ಎಂದು ನಮ್ಮ ದೇಶದ ವಿಜ್ಞಾನಿಗಳು 1955ರಲ್ಲೇ ಬರೆದಿದ್ದರು.

ಈಗ ಕಡಲಿಗೆ ಏನಾಗುತ್ತಿದೆ ಎಂಬುದಕ್ಕೆ ಬರೋಣ. ಗೋಲಿ ಸೋಡಾ ಹೇಗೆ ಮಾಡುತ್ತಾರೆ? ನೀರಿಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬುತ್ತಾರೆ. ಕುಡಿದಾಗ ನಾಲಿಗೆಗೆ ಚುರುಕೆನ್ನುವ ಆ ಹುಳಿ ಕಾರ್ಬಾನಿಕ್ ಆಮ್ಲದ್ದು. ನಾವು ಸುಡುವ ಕಲ್ಲಿದ್ದಲು, ಡೀಸೆಲ್, ಪೆಟ್ರೋಲಿನಿಂದ ಬರುವ ಇದೇ ಅನಿಲದಲ್ಲಿ ಸುಮಾರು ಕಾಲುಭಾಗವನ್ನು ಕಡಲು ಹೀರಿಕೊಳ್ಳುತ್ತಿದೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಗಾಳಿಯಲ್ಲಿ ಹತ್ತು ಲಕ್ಷಕ್ಕೆ 280 ಭಾಗ ಇದ್ದದ್ದು ಈಗ 420 ದಾಟಿದೆ. ಕಡಲಿನ ಮೇಲ್ಪದರದ ಪಿಎಚ್ ಅಂದಾಜು 8.2ರಿಂದ 8.1ಕ್ಕೆ ಇಳಿದಿದೆ. ಇಷ್ಟಕ್ಕೇ ಗಾಬರಿಯೇ ಎನ್ನಬಹುದು. ಆದರೆ ಪಿಎಚ್ ಮಾಪನ ನಮ್ಮ ತಕ್ಕಡಿಯ ಹಾಗಲ್ಲ. ಅಲ್ಲಿ 0.1 ಇಳಿದರೆ ಆಮ್ಲದ ಅಯಾನುಗಳು ಶೇ. 25ಕ್ಕಿಂತ ಹೆಚ್ಚು ಏರಿದಂತೆ. ಕಡಲು ಇನ್ನೂ ಕ್ಷಾರೀಯವೇ ಆಗಿದೆ, ನಿಂಬೆಹಣ್ಣಿನ ರಸ ಆಗಿಲ್ಲ. ಹೋಗುತ್ತಿರುವ ದಿಕ್ಕು ಮಾತ್ರ ಹುಳಿಯ ಕಡೆಗೆ.

ಮೊಟ್ಟೆಯ ಚಿಪ್ಪನ್ನು ನಿಂಬೆರಸದಲ್ಲಿ ಹಾಕಿ ನೋಡಿ, ಗುಳ್ಳೆ ಏಳುತ್ತದೆ, ಚಿಪ್ಪು ಕರಗುತ್ತದೆ. ಕಡಲಿನಲ್ಲಿ ಸುಣ್ಣದ ಕವಚ ಕಟ್ಟಿಕೊಳ್ಳುವ ಸೂಕ್ಷ್ಮ ಸಸ್ಯಗಳಿವೆ. ಅವುಗಳಲ್ಲಿ ಹೆಸರುವಾಸಿಯಾದದ್ದು ಎಮಿಲಿಯಾನಿಯಾ ಹಕ್ಸ್‌ಲೇಯಿ. ಪುಟ್ಟ ಪುಟ್ಟ ತಟ್ಟೆಗಳನ್ನು ಜೋಡಿಸಿ ಹೊದ್ದುಕೊಂಡ ಚೆಂಡಿನ ಹಾಗೆ ಕಾಣುತ್ತದೆ. ನೀರು ಹುಳಿಯತ್ತ ಸರಿದಷ್ಟೂ ಇದಕ್ಕೆ ಕವಚ ಕಟ್ಟುವುದು ಕಷ್ಟ. ಹಾಗಾದರೆ ಇದು ನಾಶವಾಗುತ್ತದೆಯೇ, ಹೊಂದಿಕೊಳ್ಳುತ್ತದೆಯೇ? ನಮ್ಮ ಹುಡುಗಿ ಕೇಳುತ್ತಿರುವುದು ಇದನ್ನೇ.

ರೈತರಿಗೆ ಈ ಪ್ರಶ್ನೆ ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಹೊಲದಲ್ಲಿ ಯಾವ ತೆನೆ ನಿಂತಿತೋ ಅದರ ಬೀಜ ಎತ್ತಿಟ್ಟು ಮುಂದಿನ ವರ್ಷ ಬಿತ್ತುತ್ತೀರಿ. ನಮ್ಮ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿದ್ದಾರೆ, ಇಲ್ಲಿರುವ ಅನೇಕರು ಹೋಗಿ ನೋಡಿರಬಹುದು. ಒಂದೇ ತಳಿ ಇದ್ದರೆ ಒಂದು ರೋಗ ಬಂದರೂ ಗದ್ದೆ ಪೂರಾ ಹೋಯಿತು. ನೂರು ತಳಿ ಇದ್ದರೆ ಅದರಲ್ಲಿ ನಾಲ್ಕಾದರೂ ತಡೆಯುತ್ತವೆ. ಕಡಲಿನಲ್ಲಿ ಆರಿಸುವ ರೈತನಿಲ್ಲ, ಯಾವುದು ಬೇಗ ಬೆಳೆದು ಇಬ್ಭಾಗವಾಗುತ್ತದೋ ಅದರ ಸಂತಾನ ಹೆಚ್ಚುತ್ತದೆ. ಜೊತೆಗೆ ಅಲ್ಲಿನ ಕಾಲದ ಲೆಕ್ಕವೇ ಬೇರೆ. ಇವುಗಳಲ್ಲಿ ಅನೇಕವು ದಿನಕ್ಕೊಂದು ತಲೆಮಾರು ದಾಟುತ್ತವೆ. ಮನುಷ್ಯರಲ್ಲಿ 500 ತಲೆಮಾರು ಎಂದರೆ ಹನ್ನೆರಡು ಸಾವಿರ ವರ್ಷ. ಇವಕ್ಕೆ ಒಂದು ವರ್ಷವೋ ಒಂದೂವರೆ ವರ್ಷವೋ ಸಾಕು.

ಜರ್ಮನಿಯ ಕೀಲ್ ನಗರದ ಸಂಶೋಧಕರು, ಲೋಬೆಕ್, ರೀಬೆಸೆಲ್, ರಾಯ್ಷ್ ಎಂಬ ಮೂವರು, ಇದನ್ನೇ ಮಾಡಿ ನೋಡಿದರು. ನಾರ್ವೆ ಕಡಲಿನಿಂದ ತಂದ ಎಮಿಲಿಯಾನಿಯಾವನ್ನು ಸುಮಾರು 500 ತಲೆಮಾರು ಪ್ರಯೋಗಾಲಯದಲ್ಲಿ ಬೆಳೆಸಿದರು. ಕೆಲವು ಸೀಸೆಗಳಲ್ಲಿ ಈಗಿನ ಮಟ್ಟದ ಅನಿಲ, ಕೆಲವದರಲ್ಲಿ ಅದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು, ಇನ್ನು ಕೆಲವದರಲ್ಲಿ ಐದು ಪಟ್ಟಿಗೂ ಮಿಗಿಲು. 2012ರಲ್ಲಿ ಪ್ರಕಟವಾದ ಫಲಿತಾಂಶ ಜಗತ್ತಿಗೆ ಸಮಾಧಾನ ತಂದಿತು. ಹುಳಿ ನೀರಿನಲ್ಲೇ ತಲೆಮಾರು ಕಳೆದ ಸಂತತಿಯು ಅಂಥ ನೀರಿನಲ್ಲಿ, ಅದನ್ನು ಕಾಣದ ಸಂತತಿಗಿಂತ ಚೆನ್ನಾಗಿ ಬೆಳೆಯಿತು. ಸುಣ್ಣ ಕಟ್ಟುವ ಶಕ್ತಿಯೂ ಶೇ. 50ರವರೆಗೆ ಹೆಚ್ಚಿತ್ತು. ಪೂರ್ತಿ ಹಿಂದಿನ ಮಟ್ಟಕ್ಕೆ ಬರಲಿಲ್ಲ, ಆದರೂ ದೊಡ್ಡ ಸುದ್ದಿ.

ಅಲ್ಲಿಗೆ ನಿಲ್ಲಿಸಿದ್ದರೆ ‘ಎಲ್ಲ ತಾನಾಗಿಯೇ ಸರಿಹೋಗುತ್ತದೆ’ ಎಂದು ನಾವೂ ಮನೆಗೆ ಹೋಗಬಹುದಿತ್ತು. ಅವರು ನಿಲ್ಲಿಸಲಿಲ್ಲ. ಪ್ರಯೋಗವನ್ನು ನಾಲ್ಕು ವರ್ಷಕ್ಕೆ, 2100 ತಲೆಮಾರಿಗೆ ಬೆಳೆಸಿದರು. 2016ರಲ್ಲಿ ಬಂದ ವರದಿ ಬೇರೆ ಕಥೆ ಹೇಳಿತು. ಬೆಳವಣಿಗೆಯಲ್ಲಿ ಸಿಕ್ಕ ಲಾಭ ಶೇ. 3.4 ಮತ್ತು 4.8 ಮಾತ್ರ. ಮೊದಲ ವರ್ಷ ಚೇತರಿಸಿಕೊಂಡಿದ್ದ ಸುಣ್ಣದ ಕವಚ ಆಮೇಲೆ ಮತ್ತೆ ಕುಗ್ಗಿ, ಹೊಂದಿಕೊಳ್ಳದ ಸಂತತಿಗಿಂತಲೂ ಕೆಳಕ್ಕೆ ಇಳಿದಿತ್ತು. ನಮಗೆ ಅನಿಸುವುದು, ಆ ಜೀವಿ ಖರ್ಚು ಉಳಿಸಿತು. ದುಬಾರಿ ಕಾಲದಲ್ಲಿ ಮನೆಗೆ ಸುಣ್ಣ ಬಳಿಯುವುದನ್ನು ನಾವೂ ಮುಂದೂಡುತ್ತೇವಲ್ಲ, ಹಾಗೆ. ಕಟ್ಟುವ ವಿದ್ಯೆ ಮರೆತಿರಲಿಲ್ಲ, ಏಕೆಂದರೆ ಈಗಿನ ಕಡಲಿನಂಥ ನೀರಿಗೆ ವಾಪಸು ಬಿಟ್ಟಾಗ ಮತ್ತೆ ಮೊದಲಿನಂತೆ ಕಟ್ಟಿತು.

ಸೀಸೆಯೊಳಗೆ ಶತ್ರುವಿಲ್ಲ, ಪೈಪೋಟಿಯಿಲ್ಲ. 2011ರಲ್ಲಿ ನಾರ್ವೆಯ ಬರ್ಗೆನ್ ಬಳಿ ಕಡಲಿನಲ್ಲೇ ದೊಡ್ಡ ಚೀಲಗಳನ್ನು ಇಳಿಬಿಟ್ಟು, ಸಹಜ ನೀರನ್ನು ಅದರ ಎಲ್ಲ ಜೀವಿಗಳ ಸಮೇತ ಹುಳಿ ಮಾಡಿ ನೋಡಿದರು. ಅಲ್ಲಿ ಎಮಿಲಿಯಾನಿಯಾಕ್ಕೆ ಬೆಳವಣಿಗೆಯಲ್ಲಿ ಆದ ನಷ್ಟ ಚಿಕ್ಕದು. ಆದರೆ ದಿನದಿನಕ್ಕೆ ಸೇರುತ್ತಾ ಹೋಗಿ, ವಸಂತದಲ್ಲಿ ಕಡಲು ತುಂಬಿ ಅರಳಬೇಕಾದ ಹೊತ್ತಿಗೆ ಸಂಖ್ಯೆಯೇ ಸಾಲದೆ ಹೋಯಿತು. (ಇದಕ್ಕೆ ಚಕ್ರಬಡ್ಡಿಯ ಉದಾಹರಣೆ ಚೆನ್ನಾಗಿ ಒಪ್ಪುತ್ತಿತ್ತು, ಈ ಸಭೆಯಲ್ಲಿ ಬೇಡ. ಕೋಳಿ ಸಾಕಿದವರು ಮರಿಗಳ ಲೆಕ್ಕದಲ್ಲಿ ಅರ್ಥ ಮಾಡಿಕೊಳ್ಳಿ.)

ಮಂಡ್ಯದವರಾದ ನಮಗೆ ಇನ್ನೊಂದು ಮಾತು ಸುಲಭವಾಗಿ ತಿಳಿಯುತ್ತದೆ. ಕಬ್ಬು, ರಾಗಿ ಎರಡೂ ಎಲೆಯೊಳಗೆ ಇಂಗಾಲದ ಅನಿಲವನ್ನು ಒಂದೆಡೆ ಒತ್ತಿ ಕೂಡಿಹಾಕುವ ಏರ್ಪಾಟು ಮಾಡಿಕೊಂಡಿವೆ. ಭತ್ತಕ್ಕೆ ಆ ಏರ್ಪಾಟಿಲ್ಲ. ಕಡಲಿನ ಸೂಕ್ಷ್ಮ ಸಸ್ಯಗಳಲ್ಲಿ ಹೆಚ್ಚಿನವಕ್ಕೆ, ಕಬ್ಬಿನ ರೀತಿಯಲ್ಲೇ ಅಲ್ಲದಿದ್ದರೂ, ಇಂಥದೊಂದು ಪಂಪು ಇದೆ. ನೀರಿನಲ್ಲಿ ಅನಿಲ ಹೇರಳವಾದರೆ ಪಂಪು ಓಡಿಸುವ ಖರ್ಚು ಉಳಿಯಿತು, ಬೆಳೆಗೆ ಲಾಭ ಎನಿಸುತ್ತದೆ. ಕೆನಡಾದಲ್ಲಿ ಸಿನೇಡ್ ಕಾಲಿನ್ಸ್ ಮತ್ತು ಗ್ರಹಾಂ ಬೆಲ್ ಇದನ್ನು ಪರೀಕ್ಷಿಸಿ 2004ರಲ್ಲಿ ಬರೆದರು. ಅವರು ಆರಿಸಿದ್ದು ಕಡಲಿನ ಜೀವಿಯನ್ನಲ್ಲ, ನಮ್ಮ ಕೆರೆ, ಗದ್ದೆಮಣ್ಣಿನ ಬಳಗದ್ದೇ ಆದ ಕ್ಲಾಮಿಡೋಮೋನಾಸ್ ಎಂಬ ಹಸಿರು ಪಾಚಿಯನ್ನು. ಹೆಚ್ಚು ಅನಿಲದಲ್ಲಿ 1000 ತಲೆಮಾರು ಬೆಳೆದರೂ ಅದು ಹೆಚ್ಚು ಅನಿಲಕ್ಕೆಂದೇ ವಿಶೇಷವಾದ ಹೊಂದಾಣಿಕೆ ಗಳಿಸಲಿಲ್ಲ. ಬದಲಿಗೆ ಕೆಲವು ಸಂತತಿಗಳು ಸಾಮಾನ್ಯ ಗಾಳಿಯಲ್ಲಿ ಸರಿಯಾಗಿ ಬೆಳೆಯುವುದನ್ನೇ ಕಳೆದುಕೊಂಡಿದ್ದವು. ಉಪಯೋಗಿಸದೆ ಬಿಟ್ಟ ಪಂಪು ತುಕ್ಕು ಹಿಡಿಯಿತು ಎನ್ನಿ.

ಮೂರನೆಯ ಜೀವಿ ಟ್ರೈಕೋಡೆಸ್ಮಿಯಂ. ಹಜ್, ಉಮ್ರಾಕ್ಕೆ ಹೋಗಿ ಬಂದವರು ಜಿದ್ದಾದಲ್ಲಿ ಕೆಂಪು ಸಮುದ್ರ ನೋಡಿರುತ್ತೀರಿ. ಆ ಕಡಲಿಗೆ ‘ಕೆಂಪು’ ಎಂಬ ಹೆಸರು ಬಂದದ್ದು ಇದರಿಂದಲೇ ಎಂದು ಹೇಳುವವರಿದ್ದಾರೆ. ನಮ್ಮ ಮಂಗಳೂರಿನ ಕಡಲಿನಲ್ಲೂ ಇದು ಮರದ ಹೊಟ್ಟು ಚೆಲ್ಲಿದ ಹಾಗೆ ತೇಲುತ್ತದೆ, 1965ರಲ್ಲೇ ಇದರ ಬಗ್ಗೆ ವಿಜ್ಞಾನ ಪತ್ರಿಕೆಯಲ್ಲಿ ವರದಿಯಾಗಿದೆ. ಭತ್ತದ ಗದ್ದೆಗೆ ನೀಲಿ ಹಸಿರು ಪಾಚಿ ಮಾಡುವ ಉಪಕಾರವನ್ನೇ ಇದು ಕಡಲಿಗೆ ಮಾಡುತ್ತದೆ, ಗಾಳಿಯ ಸಾರಜನಕವನ್ನು ಗೊಬ್ಬರವಾಗಿಸಿ ಕೊಡುತ್ತದೆ. ಅಮೆರಿಕದ ಹಚಿನ್ಸ್ ಮತ್ತು ಸಂಗಡಿಗರು ನಾಲ್ಕೂವರೆ ವರ್ಷ ಇದನ್ನು ಹೆಚ್ಚು ಅನಿಲದಲ್ಲಿ ಬೆಳೆಸಿ 2015ರಲ್ಲಿ ಪ್ರಕಟಿಸಿದರು. ಬೆಳವಣಿಗೆಯೂ ಸಾರಜನಕ ಹಿಡಿಯುವುದೂ ಏರಿದವು. ಈಗಿನ ಮಟ್ಟದ ಅನಿಲಕ್ಕೆ ವಾಪಸು ತಂದರೂ ಇಳಿಯಲಿಲ್ಲ. ಲಾಭವೇ ಅಲ್ಲವೇ ಎಂದರೆ, ಯೂರಿಯಾ ಒಂದನ್ನೇ ಸುರಿದು ರಂಜಕ ಮರೆತ ಗದ್ದೆಯನ್ನು ನೀವೇ ಕಂಡಿದ್ದೀರಿ. ಕಡಲಿನಲ್ಲಿ ರಂಜಕ, ಕಬ್ಬಿಣ ಎರಡೂ ಅಳತೆಯಲ್ಲೇ ಇವೆ. ವೇಗ ಇಳಿಸಲಾರದ ಜೀವಿಗೆ ಅವು ಎಷ್ಟು ದಿನ ಸಾಕಾದಾವು?

ಒಂದು ಜೀವಿ ಖರ್ಚು ಉಳಿಸಿತು, ಒಂದು ಹಳೆಯ ವಿದ್ಯೆ ಕಳೆದುಕೊಂಡಿತು, ಒಂದು ವೇಗ ಹೆಚ್ಚಿಸಿಕೊಂಡು ಇಳಿಸಲಾಗದೆ ಹೋಯಿತು. ಹೀಗಿರುವಾಗ ಯಾವ ಕಡಲಿನಲ್ಲಿ ಯಾವುದು ಗೆಲ್ಲುತ್ತದೆ ಎಂದು ಕೀಲ್‌ನಲ್ಲಿ ಕೂತು ಹೇಳಲಾಗದು. ನಮ್ಮ ಪಶ್ಚಿಮ ಕರಾವಳಿಯ ರೀತಿಯೇ ಬೇರೆ. ಮುಂಗಾರಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಆಳದ ತಣ್ಣೀರು ಮೇಲಕ್ಕೆ ಬರುತ್ತದೆ. ಅದರಲ್ಲಿ ಪೋಷಕಾಂಶ ಹೆಚ್ಚು, ಆಮ್ಲಜನಕ ಕಡಿಮೆ, ಇಂಗಾಲದ ಅನಿಲವೂ ಹೆಚ್ಚು. ಅಂದರೆ ನಮ್ಮ ಡಯಾಟಮ್‌ಗಳು ಪ್ರತಿ ವರ್ಷ ನಾಲ್ಕು ತಿಂಗಳು ಹುಳಿಯತ್ತ ಸರಿದ ನೀರಿನಲ್ಲೇ ಬಾಳಿ ಅಭ್ಯಾಸವಾದವು. ಇಂಥ ಏರಿಳಿತ ಕಂಡವು ಮುಂದಿನ ಬದಲಾವಣೆಯನ್ನು ಚೆನ್ನಾಗಿ ತಾಳಬಹುದು ಎಂದು ನಿರೀಕ್ಷಿಸಲು ಕಾರಣವಿದೆ, ಆದರೆ ಈಗಾಗಲೇ ಅಂಚಿನಲ್ಲಿರುವುದನ್ನು ಇನ್ನಷ್ಟು ತಳ್ಳಿದಂತಾಗಲೂಬಹುದು. ಅದನ್ನು ಆ ನೀರನ್ನು ತಿಂಗಳು ತಿಂಗಳು ಎತ್ತಿ ಅಳೆಯುವವರೇ ಹೇಳಬೇಕು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು ಕ್ಯಾಂಡೋಲಿಂ ಎದುರಿನ ಕಡಲಿನಲ್ಲಿ ಹೀಗೆ ಅಳೆಯುತ್ತಾ ಬಂದಿದ್ದಾರೆ. ಕರ್ನಾಟಕದ ಕರಾವಳಿಗೆ ಇನ್ನಷ್ಟು ಕೈಗಳು ಬೇಕು. ಬೂತಾಯಿ ನಂಬಿದ ದೋಣಿಯವರ ಮನೆಗಳಲ್ಲಿ ನಮ್ಮ ಬ್ಯಾರಿ ಬಂಧುಗಳ ಮನೆಗಳೂ ಇವೆ, ಮೊಗವೀರರ ಮನೆಗಳೂ ಇವೆ.

ಆದ್ದರಿಂದ ದಾನಿಗಳಿಗೆ ನಮ್ಮ ಉತ್ತರ: ಹೌದು, ಇದಕ್ಕೆ ಹಣ ಕೊಡಬೇಕು. ಡಾಕ್ಟರ್ ಓದಿಗೆ ಬ್ಯಾಂಕು ಸಾಲ ಕೊಡುತ್ತದೆ, ನೆಂಟರೂ ಮುಂದೆ ಬರುತ್ತಾರೆ. ಇಂಥ ಓದಿಗೆ ಟ್ರಸ್ಟ್ ಬಿಟ್ಟರೆ ಯಾರೂ ಬರುವುದಿಲ್ಲ. ನೌಕರಿ ತಕ್ಷಣ ಸಿಗುತ್ತದೆ ಎಂಬ ಭರವಸೆಯನ್ನು ನಾವು ಕೊಡುವುದಿಲ್ಲ, ಓದು ದೀರ್ಘ, ತಾಳ್ಮೆ ಬೇಕು.

ಪಾಲಕರಿಗೆ ಎರಡು ಮಾತು. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಿಂದ ಇದೆ, ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಪ್ರವೇಶ ಸಿಇಟಿ ಮೂಲಕ, ರೈತರ ಮಕ್ಕಳಿಗೆ ಪ್ರತ್ಯೇಕ ಸೀಟುಗಳೂ ಇವೆ, ಪಹಣಿ ಮತ್ತಿತರ ದಾಖಲೆಗಳನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ. ಹೆಣ್ಣುಮಕ್ಕಳ ವಸತಿಯ ಬಗ್ಗೆ ಚಿಂತೆ ಇರುವವರು ಹಾಸ್ಟೆಲನ್ನು ನೀವೇ ಹೋಗಿ ನೋಡಿ ಬನ್ನಿ. ಮೊದಲ ಸಲದ ಬಸ್ ಖರ್ಚನ್ನು, ಜೊತೆಗೆ ಹೋಗುವ ತಾಯಿಯದ್ದೂ ಸೇರಿ, ಈ ವರ್ಷದಿಂದ ಟ್ರಸ್ಟ್ ಕೊಡುತ್ತದೆ. ಅರ್ಜಿಯಲ್ಲಿ ‘ಇತರ ವಿಷಯ’ ಎಂಬ ಕಾಲಂ ಇದೆ, ಅದನ್ನು ಖಾಲಿ ಬಿಡಬೇಡಿ.

ಪಕ್ಕದ ಕೋಣೆಯಲ್ಲಿ ಸೂಕ್ಷ್ಮದರ್ಶಕ ಇಟ್ಟಿದ್ದೇವೆ. ಬೆಳಿಗ್ಗೆ ಕಲ್ಯಾಣಿಯಿಂದ ಒಂದು ಸೀಸೆ, ತೊಣ್ಣೂರು ಕೆರೆಯಿಂದ ಒಂದು ಸೀಸೆ ನೀರು ತಂದಿದ್ದಾರೆ. ಪಿಎಚ್ ಕಾಗದವೂ ಇದೆ. ಹಸಿರು ನೀರಿನ ಪಿಎಚ್ ಬೆಳಿಗ್ಗೆ ಒಂದಿದ್ದರೆ ಬಿಸಿಲೇರಿದ ಮೇಲೆ ಇನ್ನೊಂದು, ಪಾಚಿ ಅನಿಲ ಹೀರಿದಷ್ಟೂ ಅದು ಏರುತ್ತದೆ. ಬೆಳಿಗ್ಗೆಯ ಅಂಕಿ ಗೋಡೆಯ ಮೇಲೆ ಬರೆದಿದೆ. ಊಟಕ್ಕೆ ಮುಂಚೆ ಮಕ್ಕಳು ಕಲ್ಯಾಣಿಗೆ ಹೋಗಿ ಹೊಸ ನೀರು ತಂದು ಅಳೆದು ಪಕ್ಕದಲ್ಲಿ ಬರೆಯಲಿ. ದೊಡ್ಡವರೂ ಸಾಲಿನಲ್ಲಿ ನಿಂತು ನೋಡಬಹುದು.