ಕಾರವಾರ–ಅಂಕೋಲೆಯ ಕಡಲವಾಣಿಜ್ಯ ಮತ್ತು ಶ್ರಾವಕಧರ್ಮ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ಜಿನಬಿಂಬ ಪ್ರತಿಷ್ಠೆಯ ಈ ಶುಭಸಂದರ್ಭದಲ್ಲಿ ಕಾರವಾರ, ಅಂಕೋಲೆಗಳ ಸಮುದ್ರತೀರವು ಕಂಡ ಒಂದು ಮಹಾಪರಿವರ್ತನೆಯನ್ನು ಸ್ಮರಿಸುವುದು ಉಚಿತವಾಗಿದೆ. ಬಸದಿಗಳ ಏಳುಬೀಳುಗಳಿಗೂ ಕಡಲವ್ಯಾಪಾರಕ್ಕೂ ಇದ್ದ ನಂಟು ಅದರಿಂದ ತಿಳಿಯುತ್ತದೆ.

ಹದಿನೈದನೆಯ ಶತಮಾನದಲ್ಲಿ ಘಟ್ಟದ ಕಾಳುಮೆಣಸು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಕಡಲು ಸೇರುವ ತೀರಕ್ಕೆ ಇಳಿಯುತ್ತಿತ್ತು. ಅರಬ್ಬರ, ಗುಜರಾತಿಗಳ ಹಡಗುಗಳು ಅದನ್ನು ಒಯ್ಯುತ್ತಿದ್ದವು. ಭಟ್ಕಳ, ಹೊನ್ನಾವರಗಳಲ್ಲಿ ವಿಜಯನಗರಕ್ಕೆಂದು ಕುದುರೆಗಳು ಇಳಿಯುತ್ತಿದ್ದವು. ಮೆಣಸು ಕೆಂಪುಸಮುದ್ರ, ಅಲೆಕ್ಸಾಂಡ್ರಿಯಾಗಳ ಮೂಲಕ ವೆನಿಸ್ ನಗರವನ್ನು ಸೇರುತ್ತಿತ್ತು. 1405ರಿಂದ 1433ರವರೆಗೆ ಚೀನದ ಝೆಂಗ್ ಹೆ ನಡೆಸಿದ ನೌಕಾಪಡೆಯೂ ಕಲ್ಲಿಕೋಟೆಗೆ ಬಂದು ಹೋಯಿತು. ಈ ವಿಶಾಲ ಸಾಗರಕ್ಕೆ ಒಬ್ಬನೇ ಒಡೆಯನೆಂಬುವನಿರಲಿಲ್ಲ. ಮುಂಗಾರಿನ ಗಾಳಿಯೇ ಎಲ್ಲರನ್ನೂ ಆಳುತ್ತಿತ್ತು. 1430ರ ಸುಮಾರಿಗೆ ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎದ್ದುದು ಇಂತಹ ಸಮೃದ್ಧಿಯ ಕಾಲದಲ್ಲಿಯೇ.

1453ರಲ್ಲಿ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾಯಿತು. 1498ರಲ್ಲಿ ವಾಸ್ಕೋ ಡ ಗಾಮಾ ಆಫ್ರಿಕವನ್ನು ಬಳಸಿಕೊಂಡು ಕಲ್ಲಿಕೋಟೆಗೆ ಬಂದನು. ಅದೇ ವರ್ಷ ಹಿಂದಿರುಗುವಾಗ ಅವನ ಹಡಗುಗಳು ದುರಸ್ತಿಗಾಗಿ ತಂಗಿದ್ದು ಕಾರವಾರದ ಬಳಿಯ ಅಂಜದೀವ್ ದ್ವೀಪದಲ್ಲಿ. 1505ರಲ್ಲಿ ಆಲ್ಮೇಡಾ ಅಲ್ಲಿ ಕೋಟೆ ಕಟ್ಟಿಸಿದನು. ಮರುವರ್ಷವೇ ಅದನ್ನು ಕೆಡವಬೇಕಾಯಿತು. ಆದರೆ 1510ರಲ್ಲಿ ಗೋವೆಯು ಪೋರ್ಚುಗೀಸರ ಕೈಸೇರಿತು. ಅದಕ್ಕೆ ನೆರವಾದವನು ಹೊನ್ನಾವರದ ತಿಮ್ಮೋಜನೆಂಬುದು ಮರೆಯಲಾಗದ ಸಂಗತಿ. ಅಂದಿನಿಂದ ಪೋರ್ಚುಗೀಸರ ರಹದಾರಿ ಪತ್ರವಿಲ್ಲದ ಹಡಗಿಗೆ ಜಪ್ತಿಯ ಭಯ ಕಾಡತೊಡಗಿತು. ಯಾರೂ ಸಂಚರಿಸಬಹುದಾಗಿದ್ದ ಕಡಲಿಗೆ ಸುಂಕದ ಕಟ್ಟೆ ಬಿದ್ದಿತು.

ಈ ಬಿರುಗಾಳಿಯ ನಡುವೆಯೂ ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯ ಜೈನರಾಣಿ ಚೆನ್ನಭೈರಾದೇವಿ ದೀರ್ಘಕಾಲ ರಾಜ್ಯವಾಳಿದಳು. ಅವಳೊಡನೆ ಕಾದಿದ ಪೋರ್ಚುಗೀಸರೇ ಅವಳನ್ನು ‘ಮೆಣಸಿನ ರಾಣಿ’ ಎಂದು ಕರೆದರು. ಕೊನೆಗೆ ಹದಿನೇಳನೆಯ ಶತಮಾನದ ಆರಂಭದಲ್ಲಿ ಕೆಳದಿಯ ವೆಂಕಟಪ್ಪನಾಯಕನಿಂದ ಅವಳ ಆಳ್ವಿಕೆ ಅಳಿಯಿತು. ವ್ಯಾಪಾರ ಬೇರೆಡೆಗೆ ಸರಿಯಿತು, ಜನ ಚದುರಿದರು. ಗೇರುಸೊಪ್ಪೆಯ ಚತುರ್ಮುಖ ಬಸದಿ ಇಂದು ಕಾಡಿನ ನಡುವೆ ನಿಂತಿದೆ. ಕಲ್ಲು ಉಳಿಯಿತು, ಅದರ ಸುತ್ತ ದೀಪ ಹಚ್ಚುತ್ತಿದ್ದ ಕೇರಿ ಉಳಿಯಲಿಲ್ಲ.

ಇದರಿಂದ ವಣಿಕ ಶ್ರಾವಕನು ಕಲಿಯಬೇಕಾದುದೇನು? ಸಂಪತ್ತಿನ ದಾರಿ ಯಾರ ಅಪ್ಪಣೆಯನ್ನೂ ಕೇಳದೆ ಬದಲಾಗುತ್ತದೆ. ಬದಲಾಗಬಾರದುದು ವ್ಯವಹಾರದ ಶುದ್ಧಿ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯವ್ರತದ ಅತಿಚಾರಗಳನ್ನು ಹೇಳುವಾಗ ಸುಳ್ಳು ತೂಕ, ಕಲಬೆರಕೆ, ರಾಜನಿಯಮೋಲ್ಲಂಘನೆಗಳನ್ನೂ ಸೇರಿಸಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಅಮೆರಿಕದಿಂದ ಮೆಣಸಿನಕಾಯಿ, ಗೇರುಗಳ ಜೊತೆಗೆ ಪಪ್ಪಾಯಿಯೂ ಈ ನಾಡಿಗೆ ಬಂದಿತು. ಅದರ ಒಣಬೀಜವನ್ನೇ ಕಾಳುಮೆಣಸಿಗೆ ಬೆರೆಸಿ ಮಾರುವವರಿದ್ದಾರೆ! 2010ರಲ್ಲಿ ಅಂಕೋಲೆ ತಾಲ್ಲೂಕಿನ ಬೇಲೆಕೇರಿ ಬಂದರಿನಿಂದ ಜಪ್ತಿಯಾಗಿದ್ದ ಲಕ್ಷಾಂತರ ಟನ್ ಕಬ್ಬಿಣದ ಅದಿರು ಕಾಣೆಯಾದುದನ್ನು ನಾಡೇ ಬಲ್ಲದು. ಸೂತ್ರ ಹಳೆಯದು, ಅದು ತಡೆಯಬಯಸುವ ಲೋಭ ಹಳೆಯದಾಗಿಲ್ಲ.

ಎರಡನೆಯ ಮಾತು ದಾನದ್ದು. ಬಸದಿ ಕಟ್ಟಿಸುವುದು ಒಂದು ತಲೆಮಾರಿನ ಪುಣ್ಯ. ನಿತ್ಯಪೂಜೆ ನಡೆಸುವುದು ಎಲ್ಲ ತಲೆಮಾರುಗಳ ಹೊಣೆ. ಮಕ್ಕಳು ಬೆಂಗಳೂರು, ಮುಂಬಯಿಗಳಿಗೆ ಹೋಗುವುದು ಕಾಲಧರ್ಮ; ಅವರನ್ನು ತಡೆಯಲಾಗದು. ಆದರೆ ಪ್ರತಿಯೊಂದು ಮನೆತನವೂ ವರ್ಷದ ಒಂದು ದಿನದ ಅಭಿಷೇಕ-ಪೂಜೆಯನ್ನು ತನ್ನದೆಂದು ವಹಿಸಿಕೊಂಡು, ಆ ದಿನ ಎಲ್ಲಿದ್ದರೂ ಬಂದು ನಡೆಸಿದರೆ, ಇಂದು ಪ್ರತಿಷ್ಠಾಪಿತನಾದ ಸ್ವಾಮಿಯು ಎಂದೂ ಒಂಟಿಯಾಗನು. ಈ ಮಂಟಪದಿಂದ ಏಳುವ ಮುನ್ನ ಹಿರಿಯರು ತಮ್ಮ ತಮ್ಮ ಮನೆಯ ದಿನವನ್ನು ಬರೆಯಿಸಲಿ.

ಜಿನಧರ್ಮಕ್ಕೆ ಜಯವಾಗಲಿ. ಸರ್ವಜೀವಿಗಳಿಗೂ ಮಂಗಳವಾಗಲಿ.